ಅತಿಥಿಯ ಗಡಿಯಾರ

ವಿರಾಜಪೇಟೆಯ ಜೇನು ಸಂಘದ ರಸೀದಿ ಹೇಳುತ್ತದೆ:
ಜಡಿಯನ ಜೇನು ತಕ್ಕಡಿ ಏರಿದ್ದು ಹನ್ನೊಂದು ಏಳಕ್ಕೆ,
ಅವನಿಗೆ ಹಣ ಸಂದದ್ದು ಹನ್ನೊಂದು ನಾಲ್ಕಕ್ಕೆ.

ತೂಗುವ ಮೊದಲೇ ದುಡ್ಡು ಕೊಡುವ ಸಂಘ
ನಾನಂತೂ ಕಂಡಿಲ್ಲ, ಅಂದರು ಆಡಿಟರು.
ಕೌಂಟರಿನ ನಫೀಸಳ ಕಡೆ ನೋಡಿದರು.
ನಫೀಸ ನನ್ನ ಕಡೆ.
ಜಡಿಯ ಮಾತ್ರ ಖಾಲಿ ಡಬ್ಬವನ್ನು ಬೆಳಕಿಗೆ ವಾಲಿಸಿ
'ಇದರಲ್ಲಿತ್ತು ಸಾರ್, ಇರುವೆನೇ ಸಾಕ್ಷಿ' ಅಂದ.

ಮೆಟ್ಟಿಲ ಕೆಳಗಿನ ಕೋಣೆಗೆ ಇಳಿದೆ.
ಅಲ್ಲಿರುವುದು ಒಂದೇ ಕಬ್ಬಿಣದ ಪೆಟ್ಟಿಗೆ,
ಅದರೊಳಗೆ, ಇಲ್ಲದೆಯೂ ಇರುವ ಮೂರು ಯಂತ್ರ:
ತೂಕದ್ದು, ಹಣದ್ದು, ಸದಸ್ಯರ ಪಟ್ಟಿಯದ್ದು.
ಮೂರಕ್ಕೂ ಪೆಟ್ಟಿಗೆಯೆಲ್ಲ ತನ್ನದೇ ಎಂಬ ಭಾವ.
ನಮ್ಮ ಕಸುಬಿನಲ್ಲಿ ಇವನ್ನು ಅತಿಥಿ ಅನ್ನುತ್ತಾರೆ.
ಯಾರಿಟ್ಟ ಹೆಸರೋ, ಎಷ್ಟು ಸರಿ!
ತಿಥಿ ಇಲ್ಲದವನು.
ಮನೆಯವರು ಹೇಳಿದ್ದೇ ಹೊತ್ತೆಂದು
ಎಲೆ ಮುಂದೆ ಕೂರುವವನು.

ಸೆಕೆಂಡಿಗೊಂದು ಗೆರೆ ಬರೆಯಿರಿ ಎಂದೆ ಮೂವರಿಗೂ.
ಹೊರಗೆ ನನ್ನ ಮಡಿಲಲ್ಲಿ ಉಪಗ್ರಹದ ಹೊತ್ತು ಕೇಳುವ ಪುಟ್ಟ ಡಬ್ಬಿ,
ಅದರ ತಂತಿ ಕಿಟಕಿಯಾಚೆ, ಬೆಣ್ಣೆಹಣ್ಣಿನ ಕೊಂಬೆಗೆ.
ಒಂದು ಗಂಟೆ ಕಳೆಯಿತು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.
ತಿಂಗಳ ಲೆಕ್ಕವನ್ನೆಲ್ಲ ಒಟ್ಟಿಗೆ ಹೇರಿದೆ.
ಏದುಸಿರು ಬಿಟ್ಟವು, ಆದರೂ ಸರಿ.

ಆಗ ನೆನಪಾಯಿತು, ರಾತ್ರಿಯ ನಕಲು.
ನಕಲು ತೆಗೆಯುವಾಗ ಹಣದ ಯಂತ್ರವನ್ನು
ನಿಂತಲ್ಲೇ ನಿಲ್ಲಿಸುತ್ತೇವೆ.
ಬೇಕೆಂದೇ ನಿಲ್ಲಿಸಿ ನೋಡಿದೆ.
ಒಂಬತ್ತು ಸೆಕೆಂಡು.
ನಫೀಸ ಮೇಲೆ ಕುರ್ಚಿ ಎಳೆದಳು,
ಒಂದು ಜೀಪು ಗೇರ್ ಬದಲಿಸಿತು,
ಕೊಂಬೆಯಿಂದ ಹಣ್ಣೊಂದು ತಗಡಿನ ಮೇಲೆ ಬಿತ್ತು.
ಎಚ್ಚರಾದ ಯಂತ್ರ
ನಾನೂರ ಹನ್ನೆರಡರ ಪಕ್ಕ
ನಾನೂರ ಹದಿಮೂರನ್ನು ಬರೆಯಿತು,
ಕೈ ನಡುಗಲಿಲ್ಲ.
ರಾತ್ರಿಗೆ ಒಂಬತ್ತು, ಇಪ್ಪತ್ತೇಳು ರಾತ್ರಿ.
ನಕ್ಷತ್ರಗಳಷ್ಟೂ ಒಂದು ಸುತ್ತು ಮುಗಿಸುವಷ್ಟರಲ್ಲಿ
ನಾಲ್ಕು ನಿಮಿಷ ಹಿಂದೆ ಬಿದ್ದಿತ್ತು ಹಣ.
(ಹಣ ಯಾವತ್ತು ಹೊತ್ತಿಗೆ ಬಂದಿದೆ ಅನ್ನುತ್ತಾಳೆ ನಫೀಸ.)

ಸರ್ವೆ ಇಲಾಖೆಯಲ್ಲಿದ್ದ ಕುಂಞಪ್ಪ ಮಾವ
ಪುತ್ತರಿಯ ರಾತ್ರಿ ಗದ್ದೆಯ ಬದುವಿನಲ್ಲಿ
ಕುಡುಗೋಲಿಗಿಂತ ಭದ್ರವಾಗಿ ಹಿಡಿದದ್ದು ತನ್ನ ವಾಚು.
ಕಣಿವೆಯಾಚೆ ಕೋವಿ ಢಂ ಅಂದರೆ ಕದಿರು ಕೊಯ್ಯಬೇಕು.
'ಆ ಢಂ ಹಳೆಯದು' ಅನ್ನುತ್ತಿದ್ದ,
'ಹೊರಟು ಎಷ್ಟೋ ಹೊತ್ತಾಗಿದೆ.'
ಎಷ್ಟು ಹೊತ್ತು?
ಸಂಜೆಯೇ ಒಮ್ಮೆ ಆಚೆಗೆ ಕೂಗಿ, ಆಚೆಯವರ ಮರುಕೂಗಿಗೆ ಕಾದು,
ಹೋಗಿ ಬಂದದ್ದರಲ್ಲಿ ಅರ್ಧ ದಾರಿಯದ್ದು ಎಂದು
ಸಿಗರೇಟು ಪ್ಯಾಕಿನ ಮೇಲೆ ಬರೆದಿಡುತ್ತಿದ್ದ.
'ಗಾಳಿ ಒಂದೇ ಕಡೆ ಬೀಸಿದರೆ ಮಾತ್ರ
ಲೆಕ್ಕ ಸುಳ್ಳು ಕಣೇ.'
ಇವತ್ತಿಗೂ ದೂರದ ಗಡಿಯಾರವನ್ನು ಯಂತ್ರಗಳು ಕೇಳುವುದು ಹಾಗೇ:
ಒಂದು ಕೂಗು, ಒಂದು ಮರುಕೂಗು, ಅರ್ಧ.
ಈ ಹಣದ ಯಂತ್ರಕ್ಕೆ ಮಾತ್ರ
ಕೂಗುವುದನ್ನು ನಾವು ಕಲಿಸಿರಲಿಲ್ಲ.

ಕಲಿಸಿದೆ.
ಒಮ್ಮೆಲೇ ನಾಲ್ಕು ನಿಮಿಷ ಹಾರಿಸಬಹುದಿತ್ತು.
ಆದರೆ ಹಾರಿಹೋದ ನಿಮಿಷಗಳಲ್ಲಿ
ಯಾರಿಗೂ ಏನೂ ಸಂದಿರುವುದಿಲ್ಲ.
ಅದಕ್ಕೇ ಪ್ರತಿ ಸೆಕೆಂಡಿನ ಅಂಚನ್ನು ತುಸುವೇ ಸವೆಸಿದೆ.
ಅತಿಥಿಗೆ ತಿಳಿಯದ ಹಾಗೆ, ಮಾನ ಹೋಗದ ಹಾಗೆ,
ಆರನೆಯ ದಿನಕ್ಕೆ ಅದು ನಮ್ಮ ಹೊತ್ತಿಗೆ ಬಂದು ಸೇರಿತು.

ವರದಿಯಲ್ಲಿ 'ಕಾರಣ' ಎಂಬ ಕಡೆ ಬರೆದೆ:
ಯಂತ್ರ ಮಲಗಿತ್ತು, ಮಲಗಿದ್ದು ಅದಕ್ಕೆ ಗೊತ್ತಿರಲಿಲ್ಲ.
ಆಡಿಟರು ಅದನ್ನು ಹೊಡೆದುಹಾಕಿ
ತಾಂತ್ರಿಕ ದೋಷ ಎಂದು ತಿದ್ದಿದರು.
ಜಡಿಯನಿಗೆ ಹೊಸ ರಸೀದಿ ಸಿಕ್ಕಿತು.
ನಾಲ್ಕಾಗಿ ಮಡಚಿ ಬೀಡಿಕಟ್ಟಿನ ಹಿಂದಿಟ್ಟುಕೊಂಡ,
ಓದಲಿಲ್ಲ.

ಸಹಿ ಹಾಕುವಾಗ ಆಡಿಟರ ಕೈಗಡಿಯಾರ ಕಂಡಿತು.
ಆರು ನಿಮಿಷ ಮುಂದೆ.
ಮೈಸೂರು ಬಸ್ಸಿಗೆಂದು ಬೇಕೆಂದೇ ಇಟ್ಟದ್ದು, ಅಂದರು,
ಸಹಿಯ ಕೆಳಗೆ
ಇನ್ನೂ ಬಾರದ ಹೊತ್ತನ್ನು
ಚೊಕ್ಕವಾಗಿ ಬರೆದು.